ಎಡಗೈ ಬಿಟ್ಟೆ, ಮೊಣಕೈ ಹಿಡಿದೆ

ನನ್ನ ಮಗ ಎಡಚ. ನಾನೂ ಎಡಚನಾಗಿಯೇ ಹುಟ್ಟಿದವನು. ಹಾಸನದ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಅಜ್ಜಿ ನನ್ನ ಎಡಗೈಯನ್ನು ತನ್ನ ಮಂಡಿಯ ಕೆಳಗೆ ಒತ್ತಿ ಇಟ್ಟುಕೊಳ್ಳುತ್ತಿದ್ದಳು. ಹೊಡೆದವಳಲ್ಲ, ಗದರಿದವಳೂ ಅಲ್ಲ. ಕಥೆ ಹೇಳುತ್ತಾ, ಅನ್ನ ಕಲಸಿಕೊಡುತ್ತಾ ಆ ಕೈ ಮೇಲೇಳದಂತೆ ನೋಡಿಕೊಂಡಳು, ಅಷ್ಟೆ. ಶಾಲೆಗೆ ಸೇರುವ ಹೊತ್ತಿಗೆ ನಾನು ಬಲಗೈಯವನಾಗಿದ್ದೆ. ಇದರಿಂದ ನನಗೆ ಮಹಾ ಅನ್ಯಾಯವಾಯಿತೆಂದು ಹೇಳಲಾರೆ. ಅಕ್ಷರ ಕೆಟ್ಟದು ನಿಜ, ಆದರೆ ನಮ್ಮ ಮನೆಯಲ್ಲಿ ಎಲ್ಲರ ಅಕ್ಷರವೂ ಕೆಟ್ಟದೇ. ಮೇಜಿನ ಅಂಚಿನಿಂದ ಲೋಟ ಜಾರಿದರೆ ಮಾತ್ರ ಇವತ್ತಿಗೂ ಮೊದಲು ಹೋಗುವುದು ಎಡಗೈ.

ಒಹಾಯೊದಲ್ಲಿ ಹುಟ್ಟಿದ ಮಗ ಎರಡು ವರ್ಷದವನಿದ್ದಾಗ ಎಡಗೈಯಲ್ಲಿ ಚಮಚ ಹಿಡಿದ. ಅವನ ಕೈ ತಿದ್ದುವುದು ಬೇಡ ಎಂದು ನಾನೂ ನನ್ನ ಹೆಂಡತಿಯೂ ಅವತ್ತೇ ತೀರ್ಮಾನಿಸಿದೆವು. ವೀಡಿಯೊ ಕಾಲಿನಲ್ಲಿ ಅಪ್ಪ, "ಅದೇನೋ ಅದು, ಎಡಗೈಲಿ ಉಣ್ತಾನಲ್ಲೋ ಮಗು" ಎಂದಾಗಲೆಲ್ಲ "ಇರ್ಲಿ ಬಿಡಪ್ಪ" ಎನ್ನುತ್ತಿದ್ದೆ. ಹಾಗೆನ್ನುವಾಗ ಒಳಗೊಳಗೇ ಹೆಮ್ಮೆಯಾಗುತ್ತಿತ್ತು. ಮೂರು ತಲೆಮಾರಿನಿಂದ ನಡೆದುಬಂದ ಒಂದು ಸಣ್ಣ ಬಲವಂತವನ್ನು ನಾನು ನಿಲ್ಲಿಸಿದೆ ಎಂಬ ಹೆಮ್ಮೆ.

ಎಂಟನೇ ವಯಸ್ಸಿನಲ್ಲಿ ಅವನು ಬೇಸ್‌ಬಾಲ್ ಆಡಲು ಸೇರಿದ. ಕ್ರಿಕೆಟ್ ನೋಡಿ ಬೆಳೆದವನಿಗೆ ಈ ಆಟ ಅರ್ಧ ಗೊತ್ತಿರುವ ನೆಂಟರ ಹಾಗೆ. ಬೌಲರ್ ಇಲ್ಲ, ಪಿಚರ್ ಇದ್ದಾನೆ. ಓಡಿ ಬರುವುದಿಲ್ಲ, ಮಣ್ಣಿನ ದಿಬ್ಬದ ಮೇಲೆ ನಿಂತಲ್ಲಿಂದಲೇ ಕಾಲೆತ್ತಿ ಎಸೆಯುತ್ತಾನೆ. ನಮ್ಮಲ್ಲಿ ಚೆಂಡು ಬಿಡುವಾಗ ಮೊಣಕೈ ಬಿಡಿಸಿದರೆ ತಪ್ಪು. ಇಲ್ಲಿ ಮಡಿಚಿ ಬಿಡಿಸುವುದರಲ್ಲೇ ಎಲ್ಲ ವೇಗವೂ ಇದೆ. ಮೊದಲ ಸಲ ಗ್ಲೌಸ್ ಕೊಳ್ಳಲು ಹೋದಾಗ ಅಂಗಡಿಯ ಹುಡುಗ "ಯಾವ ಕೈಲಿ ಎಸೀತಾನೆ?" ಎಂದು ಕೇಳಿದ. ಎಡಗೈ ಎಂದೆ. ಬಲಗೈಗೆ ಹಾಕುವ ಗ್ಲೌಸ್ ತಂದುಕೊಟ್ಟ. ನಾನು, ತಪ್ಪು ಕೊಟ್ಟೆ, ಇವನು ಎಡಚ ಎಂದು ಅವನಿಗೇ ತಿಳಿಹೇಳಲು ಹೋದೆ. ಎಸೆಯುವ ಕೈ ಖಾಲಿ ಇರಬೇಕಲ್ಲ ಎಂಬುದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಮೈದಾನಕ್ಕೆ ಹೋದಾಗ ತಿಳಿಯಿತು, ಈ ಆಟದಲ್ಲಿ ಎಡಗೈ ಪಿಚರ್ ಎಂದರೆ ವರ. ಬ್ಯಾಟು ಹಿಡಿಯುವ ಮಕ್ಕಳು ಎಡಗೈಯಿಂದ ಬರುವ ಚೆಂಡನ್ನು ಹೆಚ್ಚು ನೋಡಿರುವುದಿಲ್ಲ, ತಡವರಿಸುತ್ತಾರೆ. ಬೇರೆ ತಂದೆತಾಯಂದಿರು ಬಂದು "ಎಡಗೈಯವನಾ! ಕಾಪಾಡಿಕೊಳ್ಳಿ" ಎನ್ನುತ್ತಿದ್ದರು. ಅಜ್ಜಿ ಮಂಡಿಯ ಕೆಳಗೆ ಒತ್ತಿಟ್ಟ ಕೈಗೆ ಇಲ್ಲಿ ಇಷ್ಟು ಬೆಲೆ. ನನ್ನ ತಲೆ ತಿರುಗಿದ್ದು ಅಲ್ಲಿಂದಲೇ.

ಅವನಿಗೆ ಹತ್ತು ತುಂಬಿದ ಚಳಿಗಾಲ. ಹೊರಗೆ ಹಿಮ. ಗ್ಯಾರೇಜಿನಿಂದ ಕಾರು ಹೊರಗೆ ತೆಗೆದು ನೆಟ್ಟು ಕಟ್ಟಿದೆ, ಅದರ ಮೇಲೆ ಟೇಪಿನಿಂದ ಚೌಕ ಹಾಕಿದೆ, ಮುಕ್ಕಾಲಿಯ ಮೇಲೆ ಫೋನು ನಿಲ್ಲಿಸಿದೆ. ನಾನು ಎಂಜಿನಿಯರು, ಓದಿಕೊಳ್ಳದೆ ಯಾವುದಕ್ಕೂ ಕೈಹಾಕುವವನಲ್ಲ. ಎಸೆತ ಕೈಯಿಂದ ಶುರುವಾಗುವುದಿಲ್ಲ, ಪಾದದಿಂದ ಶುರುವಾಗುತ್ತದೆ ಎಂದು ಓದಿದೆ. ಹಿಂಗಾಲು ನೆಲವನ್ನು ಒತ್ತುತ್ತದೆ, ಮುಂಗಾಲು ಊರಿ ನಿಲ್ಲುತ್ತದೆ, ಸೊಂಟ ಮೊದಲು ತಿರುಗುತ್ತದೆ, ಎದೆ ಒಂದು ಕ್ಷಣ ತಡೆದು ಹಿಂಬಾಲಿಸುತ್ತದೆ, ಆಮೇಲೆ ಭುಜ, ಮೊಣಕೈ, ಮಣಿಕಟ್ಟು, ಬೆರಳ ತುದಿ. ಒಂದು ಕೊಂಡಿ ಬೇಗ ಬಿಚ್ಚಿಕೊಂಡರೆ ಮುಂದಿನ ಕೊಂಡಿ ಅದರ ಕೆಲಸವನ್ನೂ ಮಾಡಬೇಕು, ಅಂದರೆ ಹೆಚ್ಚು ಭಾರ ಹೊರಬೇಕು. ವೃತ್ತಿಪರ ಪಿಚರುಗಳ ಭುಜ ಸೆಕೆಂಡಿಗೆ ಸುಮಾರು 7000 ಡಿಗ್ರಿ ವೇಗದಲ್ಲಿ ತಿರುಗುತ್ತದೆ. ಮನುಷ್ಯನ ದೇಹ ಮಾಡುವ ಅತಿ ವೇಗದ ಚಲನೆಗಳಲ್ಲಿ ಅದೊಂದು. ಇಷ್ಟು ಓದಿದ ಮೇಲೆ ಸುಮ್ಮನಿರುವುದು ಹೇಗೆ?

ಮೊಣಕೈ ಮೇಲಿರಲಿ. ಮುಂಗಾಲು ತೆರೆದುಕೊಳ್ಳಬಾರದು. ಎದೆ ಬೇಗ ತಿರುಗಿತು, ನೋಡು. ತಲೆ ವಾಲಿತು. ಇನ್ನೊಂದು ಸಲ. ಒಂದೊಂದು ಎಸೆತವನ್ನೂ ನಿಧಾನ ಚಿತ್ರದಲ್ಲಿ ನೋಡಿ, ಬೆರಳಿನಿಂದ ಗೆರೆ ಎಳೆದು ತೋರಿಸುತ್ತಿದ್ದೆ. ಅವನೂ ಶ್ರದ್ಧೆಯಿಂದ ನೋಡುತ್ತಿದ್ದ. ಅಪ್ಪ ಇಷ್ಟು ಹೊತ್ತು ತನ್ನ ಜೊತೆ ಇರುವುದು ಅವನಿಗೆ ಇಷ್ಟವಾಗಿತ್ತು ಎಂದು ಕಾಣುತ್ತದೆ. ನನಗೂ ಇಷ್ಟವಾಗಿತ್ತು. ಅದನ್ನು ಹೇಳದೆ ಹೋದರೆ ಈ ಕಥೆಯಲ್ಲಿ ನಾನು ಬರೀ ಖಳನಾಗಿಬಿಡುತ್ತೇನೆ, ಅದೂ ಒಂದು ರೀತಿಯ ಸುಳ್ಳೇ. "ಯಾಕಪ್ಪ ಇದೆಲ್ಲ?" ಎಂದು ಒಂದು ಸಂಜೆ ಕೇಳಿದ. "ಸರಿಯಾಗಿ ಎಸೆದರೆ ಕೈ ನೋಯಲ್ಲ ಪುಟ್ಟ" ಎಂದೆ. ಮನಸ್ಸಿಟ್ಟು ಹೇಳಿದ ಮಾತು ಅದು.

ಏಪ್ರಿಲ್‌ನಲ್ಲಿ ಪಂದ್ಯಗಳು ಶುರುವಾದವು. ಚಳಿಗಾಲಕ್ಕೆ ಮುಂಚೆ ಚೌಕದೊಳಗೆ ಚೆಂಡು ಹಾಕುತ್ತಿದ್ದ ಹುಡುಗ ಈಗ ಚೆಂಡನ್ನು ನೆಲಕ್ಕೆ ಬಡಿಯುತ್ತಿದ್ದ, ಇಲ್ಲವೇ ಕ್ಯಾಚರ್‌ನ ತಲೆಯ ಮೇಲೆ ಕಳಿಸುತ್ತಿದ್ದ. ಎಸೆಯುವ ನಡುವೆ ಒಂದು ಕ್ಷಣ ತಡೆಯುತ್ತಿದ್ದ, ಬಾಯಿಪಾಠ ಮರೆತ ಮಗು ತಡೆಯುವ ಹಾಗೆ. ನಾನು ಇದಕ್ಕೂ ಪರಿಹಾರವೆಂದು ಗ್ಯಾರೇಜಿನ ಸಮಯ ಹೆಚ್ಚು ಮಾಡಿದೆ. ಮೇ ಕೊನೆಯ ಒಂದು ಬೆಳಿಗ್ಗೆ ಹಾಲಿನ ಡಬ್ಬ ಎತ್ತಲು ಹೋಗಿ ಅವನು ಕೈ ಹಿಂದಕ್ಕೆಳೆದುಕೊಂಡದ್ದನ್ನು ನನ್ನ ಹೆಂಡತಿ ನೋಡಿದಳು.

ಮೊಣಕೈಯ ಒಳಬದಿಯ ಮೂಳೆಯ ಉಬ್ಬನ್ನು ವೈದ್ಯೆ ಬೆರಳಿನಿಂದ ಒತ್ತಿದಾಗ ಮಗನ ಕಣ್ಣಲ್ಲಿ ನೀರು ಬಂತು. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಇನ್ನೂ ಗಟ್ಟಿಯಾಗದ ಮೃದು ಭಾಗ ಇರುತ್ತದೆ. ದೊಡ್ಡವರಲ್ಲಿ ಎಸೆತದ ಸೆಳೆತಕ್ಕೆ ಕೀಲಿನ ಕಟ್ಟು ಹರಿಯುತ್ತದೆ. 1974ರಲ್ಲಿ ಟಾಮಿ ಜಾನ್ ಎಂಬ ಎಡಗೈ ಪಿಚರ್‌ಗೆ ಡಾಕ್ಟರ್ ಫ್ರಾಂಕ್ ಜೋಬ್ ಬೇರೆ ಕಡೆಯ ಸ್ನಾಯುರಜ್ಜು ತಂದು ಆ ಕಟ್ಟನ್ನು ಮತ್ತೆ ಕಟ್ಟಿದರು, ಆ ಶಸ್ತ್ರಚಿಕಿತ್ಸೆಗೆ ಇವತ್ತಿಗೂ ಅವನದೇ ಹೆಸರು. ಮಕ್ಕಳಲ್ಲಿ ಮಾತ್ರ ಕಟ್ಟಿಗಿಂತ ಮೂಳೆಯ ಆ ಮೃದು ಭಾಗವೇ ಮೊದಲು ಸೋಲುತ್ತದೆ. ಪುಣ್ಯಕ್ಕೆ ಅದು ಬೇರ್ಪಟ್ಟಿರಲಿಲ್ಲ, ಕೆರಳಿತ್ತಷ್ಟೆ. ಆರು ವಾರ ಚೆಂಡು ಮುಟ್ಟಬಾರದು ಎಂದರು. ಆಮೇಲೆ ವೈದ್ಯೆ, "ದಿನಕ್ಕೆ ಎಷ್ಟು ಎಸೆಯುತ್ತಾನೆ?" ಎಂದು ಕೇಳಿದರು.

ನಾನು ಧೈರ್ಯವಾಗಿ ಉತ್ತರಿಸಿದೆ. ಲಿಟಲ್ ಲೀಗ್‌ನಲ್ಲಿ 2007ರಿಂದ ಎಣಿಕೆಯ ನಿಯಮವಿದೆ. ಹನ್ನೊಂದು, ಹನ್ನೆರಡರ ಮಕ್ಕಳು ಒಂದು ದಿನ 85ಕ್ಕಿಂತ ಹೆಚ್ಚು ಪಿಚ್ ಎಸೆಯುವಂತಿಲ್ಲ. 66 ದಾಟಿದರೆ ನಾಲ್ಕು ದಿನ ವಿಶ್ರಾಂತಿ. ನಮ್ಮವನು ಒಂದು ಸಲವೂ 50 ದಾಟಿರಲಿಲ್ಲ.

"ಮನೆಯಲ್ಲಿ?" ಎಂದರು ಅವರು.

ಮನೆಯಲ್ಲಿ ಯಾರೂ ಎಣಿಸಿರಲಿಲ್ಲ. ನಿಯಮ ಇರುವುದು ಪಂದ್ಯಕ್ಕೆ, ಗೆಲ್ಲುವ ಆಸೆಗೆ ಬಿದ್ದ ತರಬೇತುದಾರರಿಂದ ಮಕ್ಕಳನ್ನು ಕಾಯುವುದಕ್ಕೆ. ಗ್ಯಾರೇಜಿನಲ್ಲಿ ಸರಿಯಾದ ಚಲನೆ ಕಲಿಸುತ್ತಿರುವ ಅಪ್ಪನಿಂದ ಕಾಯುವುದಕ್ಕೆ ನಿಯಮವಿಲ್ಲ.

ಇಷ್ಟೇ ಆಗಿದ್ದರೆ ಇದು ಅಜಾಗರೂಕತೆಯ ಕಥೆಯಾಗುತ್ತಿತ್ತು, ಬರೆಯುವ ಅಗತ್ಯವಿರಲಿಲ್ಲ. ಕಾರಿನಲ್ಲಿ ಮನೆಗೆ ಬರುವಾಗ ಕೇಳಿದೆ, ಯಾವಾಗಿನಿಂದ ನೋಯುತ್ತಿತ್ತು ಎಂದು. ಮಾರ್ಚ್‌ನಿಂದ ಎಂದ. ಯಾಕೋ ಹೇಳಲಿಲ್ಲ ಎಂದರೆ ಕಿಟಕಿಯ ಕಡೆ ನೋಡುತ್ತಾ, ತನ್ನ ಅರೆಗನ್ನಡದಲ್ಲಿ, "ನಾನು ಸರಿಯಾಗಿ ಎಸೀತಿಲ್ಲ ಅಂದ್ಕೊಂಡೆ. ಸರಿ ಮಾಡ್ಕೊಂಡ್ರೆ ಹೋಗತ್ತೆ ಅಂತ" ಎಂದ.

ಆ ಮಾತನ್ನು ಎಷ್ಟೋ ದಿನ ನುಂಗಲಾಗಲಿಲ್ಲ. ನೋವು ಎಂದರೆ ದೇಹ ತನ್ನ ಒಡೆಯನಿಗೆ ಕಳಿಸುವ ಸುದ್ದಿ. ಆ ಸುದ್ದಿ ಅವನಿಗೆ ತಲುಪಿತ್ತು. ಅವನು ಅದನ್ನು ತನ್ನ ತಪ್ಪಿನ ಪಟ್ಟಿ ಎಂದು ಓದಿಕೊಂಡಿದ್ದ, ಏಕೆಂದರೆ ಹಾಗೆ ಓದಲು ಕಲಿಸಿದವನು ನಾನು.

ಮಗುವಿನ ದೇಹವನ್ನು ತಿದ್ದುವ ಹಕ್ಕು ದೊಡ್ಡವರಿಗೆ ಎಲ್ಲಿಂದ ಬರುತ್ತದೆ? ಆ ಆರು ವಾರ ಈ ಪ್ರಶ್ನೆಯನ್ನು ಅತ್ತಿತ್ತ ತಿರುಗಿಸಿ ನೋಡಿದೆ. ನಾವು ಸಾಮಾನ್ಯವಾಗಿ ಕೊಡುವ ಉತ್ತರ, ದೊಡ್ಡವನಾದ ಮೇಲೆ ಅವನೇ ಒಪ್ಪುತ್ತಾನೆ ಎಂಬುದು. ಹಲ್ಲಿಗೆ ತಂತಿ ಹಾಕಿಸುವಾಗ, ಸಂಗೀತಕ್ಕೆ ಕೂರಿಸುವಾಗ, ಬೆನ್ನು ನೇರ ಮಾಡು ಎನ್ನುವಾಗ ಎಲ್ಲ ಕಡೆಯೂ ಇದೇ. ಇನ್ನೂ ಹುಟ್ಟದ ಒಬ್ಬ ದೊಡ್ಡವನ ಒಪ್ಪಿಗೆಯನ್ನು ಮುಂಗಡವಾಗಿ ಪಡೆದು ಈಗಿರುವ ಚಿಕ್ಕವನ ಮೇಲೆ ಖರ್ಚು ಮಾಡುತ್ತೇವೆ. ಅಜ್ಜಿ ಮಾಡಿದ್ದೂ ಅದೇ. ಮದುವೆ ಮನೆಯ ಪಂಕ್ತಿಯಲ್ಲಿ ಎಡಗೈಯಲ್ಲಿ ಉಣ್ಣುವ ಮೊಮ್ಮಗ ಅವಳ ಕಣ್ಣ ಮುಂದೆ ಇದ್ದ. ಅವಳು ಕಂಡ ಲೋಕದಲ್ಲಿ ಅವಳ ಲೆಕ್ಕ ತಪ್ಪಿರಲಿಲ್ಲ. ನನ್ನ ಕಣ್ಣ ಮುಂದೆ ಹೈಸ್ಕೂಲಿನ ದಿಬ್ಬದ ಮೇಲೆ ನಿಂತ ಎಡಗೈ ಪಿಚರ್ ಇದ್ದ. ಇಬ್ಬರೂ ಪ್ರೀತಿಯಿಂದಲೇ ಒತ್ತಿ ಹಿಡಿದದ್ದು. ಒಂದು ವ್ಯತ್ಯಾಸ ಇದೆ, ಮತ್ತು ಅದು ನನ್ನ ಪರವಾಗಿಲ್ಲ: ಅಜ್ಜಿಗೆ ತಾನು ಒತ್ತುತ್ತಿದ್ದೇನೆ ಎಂಬುದು ಗೊತ್ತಿತ್ತು.

ಇನ್ನು 'ಸರಿಯಾದ ಚಲನೆ' ಎಂಬ ಮಾತು. 1920ರ ದಶಕದಲ್ಲಿ ಮಾಸ್ಕೋದ ಕಾರ್ಮಿಕ ಸಂಸ್ಥೆಯೊಂದರಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ ಎಂಬ ವಿಜ್ಞಾನಿ ಸುತ್ತಿಗೆಯಿಂದ ಉಳಿ ಹೊಡೆಯುವ ಕೆಲಸಗಾರರ ಮೈಮೇಲೆ ಪುಟ್ಟ ದೀಪಗಳನ್ನು ಕಟ್ಟಿ ಚಿತ್ರ ತೆಗೆದ. ಕೆಲಸಕ್ಕೆ ಒಂದು ಅತ್ಯುತ್ತಮ ಚಲನೆ ಹುಡುಕಿ ಎಲ್ಲರಿಗೂ ಕಲಿಸಿದರೆ ಉತ್ಪಾದನೆ ಹೆಚ್ಚುತ್ತದೆ ಎಂಬುದು ಆ ಸಂಸ್ಥೆಯ ಆಸೆ. ಅವನಿಗೆ ಕಂಡದ್ದು ಬೇರೆ. ನುರಿತ ಕೆಲಸಗಾರನ ಸುತ್ತಿಗೆಯ ತುದಿ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬರುತ್ತದೆ, ಆದರೆ ಭುಜ, ಮೊಣಕೈ, ಮಣಿಕಟ್ಟು ಪ್ರತಿ ಸಲವೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಭುಜ ಕೊಂಚ ತಪ್ಪಿದರೆ ಮಣಿಕಟ್ಟು ಅದನ್ನು ಸರಿದೂಗಿಸುತ್ತದೆ, ಯಾರೂ ಹೇಳದೆಯೇ. ಕಲಿಕೆ ಎಂದರೆ ಉತ್ತರವನ್ನು ಮತ್ತೆ ಮತ್ತೆ ಒಪ್ಪಿಸುವುದಲ್ಲ, ಪ್ರತಿ ಸಲವೂ ಲೆಕ್ಕವನ್ನು ಹೊಸದಾಗಿ ಬಿಡಿಸುವುದು ಎಂದು ಅವನು ತಿಳಿದುಕೊಂಡ. ನಾನು ಫೋನಿನಲ್ಲಿ ಗೆರೆ ಎಳೆದು ಅಳಿಸಲು ಹೊರಟದ್ದು ಆ ವ್ಯತ್ಯಾಸಗಳನ್ನೇ.

ಹಾಗೆ ನೋಡಿದರೆ ನನಗೆ ಪುಸ್ತಕ ಬೇಕಿರಲಿಲ್ಲ, ಮೈಸೂರಿನಲ್ಲಿ ಹುಟ್ಟಿದ ಚಂದ್ರಶೇಖರ್ ಸಾಕಾಗಿತ್ತು. ಚಿಕ್ಕಂದಿನಲ್ಲಿ ಪೋಲಿಯೊ ತಗುಲಿ ಬಲಗೈ ಸಣಕಲಾದ ಹುಡುಗನಿಗೆ ಯಾವ ತರಬೇತುದಾರನೂ ಅದೇ ಕೈಯಲ್ಲಿ ಬೌಲ್ ಮಾಡು ಎನ್ನುತ್ತಿರಲಿಲ್ಲ. ಅವರು ಫೀಲ್ಡಿಂಗಿನಲ್ಲಿ ಚೆಂಡೆಸೆಯುತ್ತಿದ್ದುದು ಎಡಗೈಯಿಂದ, ಬೌಲ್ ಮಾಡುತ್ತಿದ್ದುದು ಬಲಗೈಯಿಂದ. 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್‌ಗೆ 6 ವಿಕೆಟ್ ತೆಗೆದು ಇಂಗ್ಲೆಂಡಿನಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದದ್ದು ಆ ಸಣಕಲು ಕೈ. ಅಪ್ಪ ಈ ಕಥೆಯನ್ನು ಎಷ್ಟು ಸಲ ಹೇಳಿದ್ದರೋ. ಅದೇ ಅಪ್ಪನಿಗೆ ಮೊಮ್ಮಗ ಎಡಗೈಯಲ್ಲಿ ಉಣ್ಣುವುದನ್ನು ನೋಡಲಾಗುತ್ತಿರಲಿಲ್ಲ. ನಮ್ಮೆಲ್ಲರಿಗೂ ವಿಲಕ್ಷಣ ಕೈಗಳು ಇಷ್ಟ, ಬೇರೆಯವರ ಮಕ್ಕಳದ್ದಾದರೆ.

ಆದರೆ ಇಲ್ಲಿಗೆ ನಿಲ್ಲಿಸಿ, ಮಕ್ಕಳನ್ನು ಅವರ ಪಾಡಿಗೆ ಬಿಡಿ ಎಂದು ಹೇಳಿ ಎದ್ದುಹೋಗಲು ನನಗೆ ಮನಸ್ಸಿಲ್ಲ. ಸಹಜವಾಗಿ ಬಂದದ್ದೆಲ್ಲ ಸುರಕ್ಷಿತ ಎಂದು ಯಾರೂ ಬರೆದುಕೊಟ್ಟಿಲ್ಲ. ಎದೆ ಬೇಗ ತೆರೆದುಕೊಂಡರೆ ಮೊಣಕೈಗೆ ಭಾರ ಬೀಳುತ್ತದೆ ಎಂಬುದು ನಿಜವೇ. ಅದನ್ನು ನೋಡಿಯೂ ಸುಮ್ಮನಿರುವ ಅಪ್ಪ ದೊಡ್ಡ ಮನಸ್ಸಿನವನೇನಲ್ಲ, ಸೋಮಾರಿ. ಟಿಮ್ ಲಿನ್ಸೆಕಮ್ ಎಂಬ ಪಿಚರ್ ಇದ್ದ. ಸಣ್ಣ ಮೈ, ಮೈಯೆಲ್ಲ ಬಿಲ್ಲಿನಂತೆ ಬಾಗಿ ಎಸೆಯುವ ವಿಚಿತ್ರ ಶೈಲಿ. 2008 ಮತ್ತು 2009ರಲ್ಲಿ ಸತತವಾಗಿ ತನ್ನ ಲೀಗಿನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದ. ಆ ಶೈಲಿ ತಾನಾಗಿ ಮೂಡಿದ್ದಲ್ಲ. ಅಪ್ಪ ಕ್ರಿಸ್ ಮನೆಯಲ್ಲಿ ವರ್ಷಗಟ್ಟಲೆ ಕಲಿಸಿದ್ದು. ಕೆಲವೇ ವರ್ಷಗಳಲ್ಲಿ ಅವನ ವೇಗ ಇಳಿಯಿತು, 2015ರಲ್ಲಿ ಸೊಂಟದ ಶಸ್ತ್ರಚಿಕಿತ್ಸೆಯಾಯಿತು, 2016ರ ನಂತರ ದೊಡ್ಡ ಲೀಗಿನಲ್ಲಿ ಆಡಲಿಲ್ಲ. ಆ ಅಪ್ಪ ಸರಿಯೋ ತಪ್ಪೋ? ಎರಡು ಬಹುಮಾನದ ದಿನ ಕೇಳಿದರೆ ಒಂದು ಉತ್ತರ, ಸೊಂಟ ಕೊಯ್ದ ದಿನ ಕೇಳಿದರೆ ಇನ್ನೊಂದು. ಎರಡೂ ದಿನ ಅವನೇ ಅಪ್ಪ.

ಜುಲೈಯಲ್ಲಿ ಮಗ ಮತ್ತೆ ಮೈದಾನಕ್ಕೆ ಹೋದ. ಅಲ್ಲಿ ಕಿರಿಯರನ್ನು ನೋಡಿಕೊಳ್ಳುವ ಒಬ್ಬ ಹಿರಿಯರಿದ್ದಾರೆ. ಸಂಬಳವಿಲ್ಲದ ಕೆಲಸ, ಅಂಚೆ ಇಲಾಖೆಯಿಂದ ನಿವೃತ್ತರು. ಅವರು ಯಾವ ಮಗುವಿನ ಮೊಣಕೈಯನ್ನೂ ಮುಟ್ಟಿದ್ದನ್ನು ನಾನು ಕಂಡಿಲ್ಲ. ಬೇಲಿಯ ಆಚೆ ಚೆಂಡು ಹಾಕು ನೋಡೋಣ ಎನ್ನುತ್ತಾರೆ. ಬಕೆಟ್ ಬೀಳಿಸು ಎನ್ನುತ್ತಾರೆ. ಒಂದು ಮಂಡಿ ಊರಿ ಎಸೆ, ಈಗ ಓಡುತ್ತಾ ಎಸೆ, ಈಗ ಟೆನಿಸ್ ಚೆಂಡು, ಈಗ ದೊಡ್ಡದು. ಬೇಲಿ ದಾಟಿಸಬೇಕಾದರೆ ಮೊಣಕೈ ತಾನೇ ಮೇಲೆ ಬರುತ್ತದೆ; ಹುಡುಗನ ಕಣ್ಣು ಬೇಲಿಯ ಮೇಲೆ ಇರುತ್ತದೆ, ತನ್ನ ಮೇಲಲ್ಲ. ಅಂಗಾಂಗದ ಮೇಲೆ ಗಮನ ಇಡುವವರಿಗಿಂತ ಚಲನೆಯ ಫಲದ ಮೇಲೆ ಗಮನ ಇಡುವವರು ಚೆನ್ನಾಗಿ ಕಲಿಯುತ್ತಾರೆ ಎಂದು ಗೇಬ್ರಿಯೆಲೆ ವುಲ್ಫ್ ಎಂಬ ಸಂಶೋಧಕಿ ಪ್ರಯೋಗಗಳಿಂದ ತೋರಿಸಿದ್ದಾರೆ. ಈ ಅಂಚೆಯಣ್ಣ ಅದನ್ನು ಓದಿರಲಿಕ್ಕಿಲ್ಲ.

ಆ ವಿಧಾನವನ್ನು ಮೆಚ್ಚಿದೆ, ಆದರೆ ನನಗೆ ಅದರ ಬಗ್ಗೆಯೂ ಒಂದು ತಕರಾರಿದೆ. ನಾನು ಮೊಣಕೈ ಎತ್ತು ಎಂದಾಗ ಮಗ "ಎತ್ತಲ್ಲ" ಎನ್ನಬಹುದಿತ್ತು. ಬೇಲಿ ನಿಲ್ಲಿಸಿ ಮೊಣಕೈ ಎತ್ತಿಸಿದರೆ ಅವನಿಗೆ ಇಲ್ಲ ಎನ್ನಲು ಏನಿದೆ? ತಿದ್ದುವ ಕೈ ಕಾಣದೆ ಹೋಯಿತು, ಅಷ್ಟೆ. ಕಾಣದ ಕೈ ಹೆಚ್ಚು ಮೃದುವೋ, ಹೆಚ್ಚು ಚಾಣಾಕ್ಷವೋ? ಈ ಅನುಮಾನವನ್ನು ಅವರ ಮುಂದೆಯೇ ಇಟ್ಟೆ. ಅವರು ನಕ್ಕು, "ಬೇಲಿ ದಾಟದೇ ಇದ್ದರೂ ನಾನು ಬಯ್ಯುವುದಿಲ್ಲವಲ್ಲ" ಎಂದರು. ಉತ್ತರ ಪೂರ್ತಿಯಾಯಿತೆಂದು ಅನ್ನಿಸಲಿಲ್ಲ. ಆದರೂ ಅದರಲ್ಲಿ ಒಂದು ಹಿಡಿ ಸಿಕ್ಕಿತು. ಬೇಲಿಗೆ ಚೆಂಡು ಬಡಿದರೆ ಹುಡುಗನಿಗೆ ತಿಳಿಯುವುದು ಚೆಂಡು ಬೇಲಿಗೆ ಬಡಿಯಿತು ಎಂದು. ನನ್ನ ಗ್ಯಾರೇಜಿನಲ್ಲಿ ಅವನಿಗೆ ತಿಳಿಯುತ್ತಿದ್ದುದು ಅಪ್ಪನ ಮುಖ.

ಸೇಂಟ್ ಲೂಯಿಸ್ ತಂಡದ ರಿಕ್ ಆಂಕೀಲ್ ಕೂಡ ಎಡಗೈ ಪಿಚರ್. 2000ದ ಅಕ್ಟೋಬರ್‌ನಲ್ಲಿ, ಇಪ್ಪತ್ತೊಂದು ವಯಸ್ಸಿಗೆ, ಒಂದು ದೊಡ್ಡ ಪಂದ್ಯದ ಒಂದೇ ಸರದಿಯಲ್ಲಿ ಕ್ಯಾಚರ್‌ಗೂ ಸಿಗದಂತೆ ಐದು ಚೆಂಡು ಎಸೆದ. ಅಲ್ಲಿಂದ ಮುಂದೆ ಅರವತ್ತು ಅಡಿ ದೂರಕ್ಕೆ ಚೆಂಡು ಹಾಕುವುದು ಅವನಿಗೆ ಮರಳಿ ಒಲಿಯಲಿಲ್ಲ. ಪಿಚಿಂಗ್ ಬಿಟ್ಟು, 2007ರಲ್ಲಿ ಬೌಂಡರಿ ಕಡೆ ನಿಲ್ಲುವ ಫೀಲ್ಡರ್ ಆಗಿ ಮರಳಿ ಬಂದ. 2008ರಲ್ಲಿ ಡೆನ್ವರ್‌ನ ಒಂದು ಪಂದ್ಯದಲ್ಲಿ, ದೂರದ ಮೈದಾನದಿಂದ ಮೂರನೇ ಬೇಸಿಗೆ ನೆಲ ಮುಟ್ಟಿಸದೆ ಎರಡು ಸಲ ಎಸೆದು ಇಬ್ಬರನ್ನು ಔಟ್ ಮಾಡಿದ. ಅದೇ ಕೈ. ಅವನಿಗಾದದ್ದೂ ನನ್ನ ಮಗನಿಗಾದದ್ದೂ ಒಂದೇ ಎನ್ನುತ್ತಿಲ್ಲ. ಆದರೆ ಆ ಎರಡು ಎಸೆತಗಳ ವೀಡಿಯೊವನ್ನು ನಾವಿಬ್ಬರೂ ಸೋಫಾದ ಮೇಲೆ ಕೂತು ಬಹಳ ಸಲ ನೋಡಿದೆವು. ಒಂದು ಸಲವೂ ನಿಧಾನ ಮಾಡಿ ನೋಡಲಿಲ್ಲ.

ಈಗ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಿದೆ. ಕೈ ನೋಯುತ್ತಿದೆಯೇ ಎಂದು ನಾನು ಕೇಳಬಹುದು; ನೋಯುತ್ತಿದೆ ಎಂದರೆ ಯಾಕೆ ಎಂದು ಕೇಳುವಂತಿಲ್ಲ, ಚೆಂಡು ಚೀಲಕ್ಕೆ ಹೋಗುತ್ತದೆ. ಅದರ ವಿಷಯದಲ್ಲಿ ನಾನು ಅಪ್ಪನ ಅಧಿಕಾರವನ್ನು ಪೂರ್ತಿ ಇಟ್ಟುಕೊಂಡಿದ್ದೇನೆ, ಇನ್ನೊಂದೇ ಒಂದು ಎಂದು ಅವನು ಗೋಗರೆದರೂ ಬಿಡುವುದಿಲ್ಲ. ಉಳಿದದ್ದರಲ್ಲಿ ಎಷ್ಟು ಬಿಡಬೇಕು, ಎಷ್ಟು ಹಿಡಿಯಬೇಕು ಎಂಬುದು ಪ್ರತಿ ಸಂಜೆಯೂ ಹೊಸ ಲೆಕ್ಕವೇ.

ಮೊನ್ನೆ ಮನೆಯ ಹಿಂದಿನ ಹುಲ್ಲಿನ ಮೇಲೆ ಅವನು ಎಸೆಯುತ್ತಿದ್ದ, ನಾನು ಗ್ಲೌಸ್ ಹಾಕಿಕೊಂಡು ಕುಕ್ಕರುಗಾಲಿನಲ್ಲಿ ಕೂತು ಹಿಡಿಯುತ್ತಿದ್ದೆ. ಮುಂಗಾಲು ತೆರೆದುಕೊಂಡಿತು, ಕಂಡಿತು. ಬಾಯಿ ತೆರೆದೆ.

"ಹದಿನೇಳು" ಎಂದೆ.

ಮುಂದಿನದಕ್ಕೆ ಮೊಣಕೈ ಇಳಿದಿತ್ತು. ಚೆಂಡು ಬಂದು ಅಂಗೈಗೆ ಬಡಿಯಿತು, ಚುರ್ ಎಂದಿತು. ಅವನು ಅಲ್ಲಿಂದಲೇ ನಗುತ್ತಾ ಕೂಗಿದ, "ಅಪ್ಪಾ, ಕೆಳಗಿತ್ತು ಅಲ್ವಾ? ನೀನು ನೋಡ್ದೆ!"

ಚೆಂಡು ವಾಪಸು ಎಸೆದೆ.

"ಹದಿನೆಂಟು."